ಕನ್ನಡದಲ್ಲಿ ಅನ್ಯೋನ್ಯತೆ: ಬಾಸೆಲ್ ಮಿಶನ್ ಸಭೆಗಳ ನಂಬಿಗೆಯ ಚರಿತ್ರೆ

ಹೊಸದಾಗಿ ಮದುವೆಯಾದವರನ್ನು ಹಿರಿಯರು ಅನ್ಯೋನ್ಯವಾಗಿ ಬಾಳಿರೆಂದು ಹರಸುವುದನ್ನು ನಾವೆಲ್ಲ ಕೇಳಿದ್ದೇವೆ. ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಯಾರನ್ನು ಕೂರಿಸಬೇಕೆಂಬ ಪ್ರಶ್ನೆ ಬಂದಾಗ ನಂಬಿಗಸ್ತನಾದ ಆಳನ್ನು ಹುಡುಕುವ ಧಣಿಗಳನ್ನೂ ಈ ಭಾಗದ ಕನ್ನಡಿಗರಾದ ನಾವು ಬಲ್ಲೆವು. ಒಂದು ಸಂಸಾರದ ಮಾತು, ಇನ್ನೊಂದು ವ್ಯವಹಾರದ ಮಾತು. ಕನ್ನಡ ಕ್ರೈಸ್ತರು ತಮ್ಮ ಧರ್ಮದ ತಿರುಳನ್ನು ಹೇಳಲು ಆರಿಸಿಕೊಂಡದ್ದು ಈ ಎರಡು ಮಾತುಗಳನ್ನೇ. ವಿಶ್ವಾಸಿಗೂ ಕ್ರಿಸ್ತನಿಗೂ ಇರುವ ಸಂಬಂಧ ಅನ್ಯೋನ್ಯತೆ. ಆ ಸಂಬಂಧಕ್ಕೆ ಕರೆದ ದೇವರು ನಂಬಿಗಸ್ತನು. ಶಬ್ದಗಳು ನಿಘಂಟಿನಲ್ಲಿ ದೊರೆಯುತ್ತವೆ; ಅವುಗಳಿಗೆ ತೆತ್ತ ಬೆಲೆ ಚರಿತ್ರೆಯಲ್ಲಿ ಮಾತ್ರ ದೊರೆಯುತ್ತದೆ. ಆ ಬೆಲೆಯನ್ನು ತೆತ್ತವರ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ನೋಡೋಣ.

ಈ ಎರಡು ಭಾವನೆಗಳೂ ಒಂದೇ ವಾಕ್ಯದಲ್ಲಿ ಜೊತೆಗೂಡಿ ಬರುವುದು ಸಂತ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರದಲ್ಲಿ, ಅದರ ಮೊದಲ ಅಧ್ಯಾಯದ ಒಂಬತ್ತನೆಯ ವಚನದಲ್ಲಿ. ಪತ್ರದ ಕಾಲ ಕ್ರಿಸ್ತಶಕ 50ರ ದಶಕ. ಕೊರಿಂಥವು ಎರಡು ಬಂದರುಗಳ ನಡುವಿನ ಪಟ್ಟಣ. ನಾನಾ ದೇಶಗಳ ವರ್ತಕರು, ಕೂಲಿಗಳು, ದಾಸರು ಬಂದು ನೆಲೆಸಿದ್ದ ಊರು. ರೋಮಿನಿಂದ ಹೊರಹಾಕಲ್ಪಟ್ಟು ಅಲ್ಲಿಗೆ ಬಂದ ಅಕ್ವಿಲ ಮತ್ತು ಪ್ರಿಸ್ಕಿಲ್ಲ ಎಂಬ ದಂಪತಿಗಳ ಮನೆಯಲ್ಲಿ ಪೌಲನು ಇಳಿದುಕೊಂಡಿದ್ದನು. ಮೂವರದ್ದೂ ಗುಡಾರ ಮಾಡುವ ಕಸುಬು. ಅವನು ಬಳಸಿದ ಗ್ರೀಕ್ ಶಬ್ದ ‘ಕೊಯಿನೊನಿಯ’. ಪಾಲುಗಾರಿಕೆ ಎಂಬುದು ಅದರ ಹತ್ತಿರದ ಅರ್ಥ. ಲೂಕನ ಸುವಾರ್ತೆಯಲ್ಲಿ ಸೀಮೋನನೊಡನೆ ಮೀನುಗಾರಿಕೆಯಲ್ಲಿ ಪಾಲುಗಾರರಾಗಿದ್ದ ಯಾಕೋಬ ಮತ್ತು ಯೋಹಾನರನ್ನು ಕರೆಯಲು ಬಳಸಿರುವುದೂ ಇದೇ ಧಾತುವಿನ ಶಬ್ದ. ಅಂದರೆ ಆತ್ಮಿಕವಾದ ಈ ಮಾತು ಹುಟ್ಟಿದ್ದು ದೋಣಿ, ಬಲೆ, ಗುಡಾರ, ಬಂದರುಗಳ ನಡುವೆ. ಹುಟ್ಟೂರು ಬಿಟ್ಟು ಬಂದು ದುಡಿಯುವವರ ನಡುವೆ.

ನಾವು ವಾಸಿಸುತ್ತಿರುವ ಈ ನೆಲಕ್ಕೂ ಆ ಚರಿತ್ರೆ ಹೊಸದಲ್ಲ. ಆರನೆಯ ಶತಮಾನದ ಗ್ರೀಕ್ ಯಾತ್ರಿಕ ಕಾಸ್ಮಸ್‌ನು ‘ಕಲ್ಲಿಯಾನ’ದಲ್ಲಿ ಪರ್ಶಿಯದಿಂದ ನೇಮಕಗೊಂಡ ಬಿಷಪನೊಬ್ಬನಿದ್ದನೆಂದು ಬರೆದಿದ್ದಾನೆ, ಅದು ನಮ್ಮ ಕಲ್ಯಾಣವೇ ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. 1321ರಲ್ಲಿ ನಾಲ್ವರು ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಠಾಣೆಗೆ ಬಂದಾಗ ಅವರಿಗೆ ಮನೆಯ ಬಾಗಿಲು ತೆರೆದವರು ಇಲ್ಲಿದ್ದ ಪೌರಸ್ತ್ಯ ಸಂಪ್ರದಾಯದ ಕ್ರೈಸ್ತರು. ಬಂದವರ ಪೂಜೆ ಲ್ಯಾಟಿನ್ನಿನಲ್ಲಿ, ಆಶ್ರಯ ಕೊಟ್ಟವರ ಪೂಜೆ ಸಿರಿಯಾಕ್‌ನಲ್ಲಿ. ಆ ನಾಲ್ವರೂ ಠಾಣೆಯಲ್ಲಿಯೇ ಕೊಲೆಯಾದರು. ಅವರ ಸಂಗಡಿಗನಾದ ಜೋರ್ಡಾನಸ್ ದೇಹಗಳನ್ನು ಸೋಪಾರಕ್ಕೆ ಒಯ್ದು ಮಣ್ಣು ಮಾಡಿದನು. ಅತಿಥಿ ಸತ್ಕಾರವನ್ನೂ ಮರಣವನ್ನೂ ಕಂಡ ಆ ಅನ್ಯೋನ್ಯತೆ ದೊಡ್ಡದು. ಆದರೆ ಅದರ ಯಾವ ಪ್ರಾರ್ಥನೆಯೂ ಇಲ್ಲಿನ ಜನರ ನುಡಿಯಲ್ಲಿ ನಮಗೆ ಉಳಿದುಬಂದಿಲ್ಲ. ಒಂದು ನಂಬಿಗೆ ಒಂದು ನಾಡಿನಲ್ಲಿ ಬೇರೂರಿತೆಂದು ಹೇಳಬೇಕಾದರೆ ಅದು ಆ ನಾಡಿನ ನುಡಿಯಲ್ಲಿ ಅಳಬೇಕು, ಹಾಡಬೇಕು, ಜಗಳವಾಡಬೇಕು. ಕನ್ನಡದಲ್ಲಿ ಅದು ಆದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ.

ಅದಕ್ಕೂ ಮುಂಚೆ ಕರಾವಳಿಯಲ್ಲಿ ಕ್ರೈಸ್ತರಿದ್ದರು. ಗೋವೆಯ ಕಡೆಯಿಂದ ಬಂದು ನೆಲೆಸಿದ ಕೆಥೋಲಿಕರ ಮನೆಮಾತು ಕೊಂಕಣಿ. ಮುಂದೆ ಅವರು ತಮ್ಮ ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆದು ಬೆಳೆಸಿದರು. ಎರಡನೆಯ ಮೈಸೂರು ಯುದ್ಧದ ಕೊನೆಯಲ್ಲಿ, ಇವರು ಇಂಗ್ಲಿಷರಿಗೆ ನೆರವಾದರೆಂಬ ಸಂಶಯದಿಂದ, ಟಿಪ್ಪು ಸುಲ್ತಾನನು 1784ರ ಫೆಬ್ರವರಿಯಲ್ಲಿ ಇವರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಎಷ್ಟು ಜನ ಎಂಬ ಲೆಕ್ಕದಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹಳ ಮಂದಿ ಸತ್ತರೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. 1799ರಲ್ಲಿ ಬಿಡುಗಡೆಯಾಗಿ ಮರಳಿದವರು ಕೆಡವಿದ ಇಗರ್ಜಿಗಳನ್ನು ಮತ್ತೆ ಕಟ್ಟಿದರು. ಹದಿನೈದು ವರ್ಷಗಳ ಆ ಸೆರೆಯ ನೆನಪು ಆ ಸಮುದಾಯಕ್ಕೆ ದೇವರ ನಂಬಿಗಸ್ತಿಕೆಯ ಮೊದಲ ಪಾಠವಾಗಿ ಉಳಿಯಿತು.

ಕನ್ನಡವನ್ನೇ ಆರಾಧನೆಯ ಭಾಷೆಯಾಗಿ ಹಿಡಿದವರು ಪ್ರೊಟೆಸ್ಟೆಂಟರು. ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಅನುವಾದದ ಕೆಲಸಕ್ಕೆ ತೊಡಗಿದರು. 1831ರ ಹೊತ್ತಿಗೆ ಪೂರ್ಣ ಬೈಬಲ್ ಕನ್ನಡದಲ್ಲಿ ದೊರೆಯಿತು. 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನ್ನಿನ ಪರವಾಗಿ ಮಂಗಳೂರಿಗೆ ಬಂದರು. ಎರಡು ವರ್ಷಗಳ ಅನಂತರ ಬಂದ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ್ದು ಕನ್ನಡಿಗರೆಲ್ಲರೂ ಬಲ್ಲ ಸಂಗತಿ. ಅವರ ಸಂಗಡಿಗ ಗಾಟ್‌ಫ್ರೀಡ್ ವೈಗ್ಲೆ ಬೈಬಲ್ ಅನುವಾದವನ್ನು ತಿದ್ದುವ ಕೆಲಸದಲ್ಲಿ ದುಡಿದು 1855ರಲ್ಲಿ ತೀರಿಕೊಂಡರು. ಈ ಎಲ್ಲರ ಪಕ್ಕದಲ್ಲಿ ಮುನ್ಷಿಗಳೂ ಪಂಡಿತರೂ ಕುಳಿತಿದ್ದರು. ಶಬ್ದವೊಂದು ಕಿವಿಗೆ ಒಪ್ಪುವುದೋ ಇಲ್ಲವೋ ಎಂಬ ತೀರ್ಪು ಅವರದು; ಮುಖಪುಟದಲ್ಲಿ ಹೆಸರಿಲ್ಲದಿದ್ದರೂ ಅನುವಾದದ ಉಸಿರು ಅವರದು.

ಆ ಅನುವಾದಪರಂಪರೆ ನೆಲೆಗೊಳಿಸಿದ ಎರಡು ಶಬ್ದಗಳನ್ನು ತುಸು ನಿಂತು ನೋಡಬೇಕು. ಭಕ್ತನು ದೇವರೊಡನೆ ಕೂಡುವುದನ್ನು ಹೇಳಲು ಕನ್ನಡದಲ್ಲಿ ಆಗಲೇ ಘನವಾದ ಮಾತುಗಳಿದ್ದವು. ಷಟ್‌ಸ್ಥಲದ ಕೊನೆಯ ಮೆಟ್ಟಿಲು ಐಕ್ಯ. ಅಂಗವೂ ಲಿಂಗವೂ ಬೇರೆಯಾಗಿ ಉಳಿಯದ ಸಾಮರಸ್ಯ. ಅನ್ಯೋನ್ಯತೆ ಹಾಗಲ್ಲ. ಅದರೊಳಗೇ ‘ಅನ್ಯ’ ಎಂಬುದು ಎರಡು ಸಲ ಕುಳಿತಿದೆ. ಇಬ್ಬರೂ ಇಬ್ಬರಾಗಿಯೇ ಉಳಿದು ಒಬ್ಬರಿಗೊಬ್ಬರು ಆಗುವುದು ಅದರ ಅರ್ಥ. ಕ್ರಿಸ್ತನಲ್ಲಿ ಕರಗಿಹೋಗುವುದಲ್ಲ, ಅವನ ಕಷ್ಟಸುಖಗಳಲ್ಲಿ ಪಾಲುಗಾರರಾಗುವುದು ಎಂಬ ಪೌಲನ ಭಾವಕ್ಕೆ ಇದಕ್ಕಿಂತ ಹತ್ತಿರದ ಮಾತು ಸಿಕ್ಕುವುದು ಕಷ್ಟ. ಮನೆಮಂದಿಯ ಮಾತಾದ್ದರಿಂದ ಅದಕ್ಕೆ ಬಿಸುಪೂ ಇತ್ತು.

‘ನಂಬಿಗಸ್ತ’ ಎಂಬುದರಲ್ಲಿ ‘ನಂಬಿಗೆ’ ಅಚ್ಚಗನ್ನಡ. ಗೃಹಸ್ಥ, ಅನುಭವಸ್ಥ ಎಂಬಲ್ಲಿ ಕಾಣುವ ಬಾಲವೇ ಅದಕ್ಕೆ ಅಂಟಿಕೊಂಡಿದೆ. ನಂಬಿಗೆಯಲ್ಲಿ ನಿಂತವನು ಎಂದು ಬಿಡಿಸಿಕೊಳ್ಳಬಹುದು. ಶರಣರಲ್ಲಿಯೂ ದಾಸರಲ್ಲಿಯೂ ನಂಬುವುದು ಹೆಚ್ಚಾಗಿ ಭಕ್ತನ ಕೆಲಸ. ಅವನ ನಂಬಿಗೆ ಗಟ್ಟಿಯೋ ಟೊಳ್ಳೋ ಎಂಬುದೇ ಪರೀಕ್ಷೆ. ಇಲ್ಲಿ ಮಾತಿನ ದಿಕ್ಕು ತಿರುಗಿತು. ನಂಬಿಗೆಗೆ ನಡೆದುಕೊಳ್ಳಬೇಕಾದವನು ಮೊದಲು ದೇವರು. ಬೀಗದ ಕೈಗಳನ್ನು ಒಪ್ಪಿಸಿ ಹೋಗಬಹುದಾದ ಆಳಿಗೆ ಸಲ್ಲುವ ವಿಶೇಷಣವನ್ನು ಸರ್ವಶಕ್ತನಿಗೆ ಕೊಟ್ಟ ಧೈರ್ಯವನ್ನು ನಾವು ಗಮನಿಸಬೇಕು. ಭಕ್ತನ ಹಿಡಿತ ಸಡಿಲವಾದರೂ ದೇವರ ಹಿಡಿತ ಸಡಿಲವಾಗದು ಎಂಬ ಬೋಧೆ ಈ ಒಂದು ಮಾತಿನಲ್ಲಿ ಅಡಗಿತು.

ಈ ಬೋಧೆಯನ್ನು ಕೇಳಿ ಒಪ್ಪಿದವರಿಗೆ ಮೊದಲು ಎದುರಾದದ್ದು ಅನ್ಯೋನ್ಯತೆಯ ನಷ್ಟ. 1844ರ ಜನವರಿ 6ರಂದು ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣರು ದೀಕ್ಷಾಸ್ನಾನ ಪಡೆದರು. ಆಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಊರಿನಲ್ಲಿ ದೊಡ್ಡ ಗದ್ದಲವೆದ್ದಿತು, ಬಂಧುಬಳಗ ಕಳಚಿಹೋಯಿತು, ಹೆಂಡತಿ ಜೊತೆಗೆ ಬರಲಿಲ್ಲ. ತಮ್ಮ ಗುರು ಮೋಗ್ಲಿಂಗರ ಹೆಸರನ್ನು ಸೇರಿಸಿಕೊಂಡು ಅವರು ಹರ್ಮನ್ ಆನಂದರಾವ್ ಕೌಂಡಿನ್ಯರಾದರು. ಬಾಸೆಲ್ಲಿನಲ್ಲಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿ, 1847ರಲ್ಲಿ ಬಲ್ಮಠದಲ್ಲಿ ಆರಂಭವಾಗಿದ್ದ ಧರ್ಮಶಾಸ್ತ್ರ ವಿದ್ಯಾಲಯದಲ್ಲಿ ಕಲಿಸಿದರು. 1893ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಸಭೆಯನ್ನು ಬಿಟ್ಟು ಹೋಗಲಿಲ್ಲ. ಕ್ರಿಸ್ತನ ಅನ್ಯೋನ್ಯತೆ ಎಂಬ ಸಿಹಿಮಾತಿನ ಹಿಂದೆ ಅಳುವ ತಾಯಿ, ಮುಚ್ಚಿದ ಬಾಗಿಲು, ಮುಗಿದ ದಾಂಪತ್ಯಗಳು ಇದ್ದವೆಂಬುದನ್ನು ಮರೆತು ಈ ಚರಿತ್ರೆಯನ್ನು ಓದಲಾಗದು. ಬಿಟ್ಟುಬಂದವರ ನೋವು ಒಂದು ಕಡೆಯಾದರೆ, ಬಿಡಿಸಿಕೊಂಡವರ ಮನೆಯ ನೋವು ಇನ್ನೊಂದು ಕಡೆ.

ಜಾತಿ ಬಿಟ್ಟವನಿಗೆ ಆಸ್ತಿಯ ಹಕ್ಕೂ ತಪ್ಪುತ್ತಿತ್ತು. 1850ರ 21ನೆಯ ಕಾಯಿದೆ ಆ ಹಕ್ಕನ್ನು ಕಾಗದದ ಮೇಲೆ ಉಳಿಸಿತು; ಊರಿನ ಬಾವಿ, ಗದ್ದೆಯ ಗೇಣಿ, ಕುಲಕಸುಬುಗಳನ್ನು ಯಾವ ಕಾಯಿದೆಯೂ ಮರಳಿ ಕೊಡುವಂತಿರಲಿಲ್ಲ. ಸಭೆ ಸೇರಿದವರಲ್ಲಿ ಹೆಚ್ಚಿನವರು ಕೌಂಡಿನ್ಯರಂತೆ ಓದಿದವರಲ್ಲ, ಒಕ್ಕಲುಗಳು, ಕೂಲಿಗಳು. ಅವರ ಹೊಟ್ಟೆಯ ಪ್ರಶ್ನೆಗೆ ಉತ್ತರ ಕೊಡದೆ ಅನ್ಯೋನ್ಯತೆಯ ಮಾತು ಆಡುವಂತಿರಲಿಲ್ಲ. 1841ರಲ್ಲಿ ಕಲ್ಲಚ್ಚಿನಿಂದ ಆರಂಭವಾದ ಮುದ್ರಣಾಲಯ, 1851ರಲ್ಲಿ ನೇಯ್ಗೆಯ ಕುಶಲಿ ಹಾಲರ್ ಬಂದ ಮೇಲೆ ಬೆಳೆದ ಮಗ್ಗದ ಕಾರ್ಖಾನೆ, 1865ರಲ್ಲಿ ಪ್ಲೆಬ್‌ಸ್ಟ್ ಜೆಪ್ಪುವಿನಲ್ಲಿ ಹೂಡಿದ ಹೆಂಚಿನ ಕಾರ್ಖಾನೆ ಇವೆಲ್ಲ ಹುಟ್ಟಿದ್ದು ಈ ಅಗತ್ಯದಿಂದ. ಖಾಕಿ ಬಣ್ಣದ ಬಟ್ಟೆಗೆ ಹಾಲರನ ಹೆಸರೂ, ಮಂಗಳೂರು ಹೆಂಚಿಗೆ ಪ್ಲೆಬ್‌ಸ್ಟನ ಹೆಸರೂ ಅಂಟಿಕೊಂಡಿವೆ. ಆ ಹೆಂಚು ಹಡಗಿನಲ್ಲಿ ಮುಂಬಯಿಗೂ ಬಂದು ಇಲ್ಲಿನ ಮಾಡುಗಳನ್ನು ಹೊದೆಯಿತು. ಕರಾವಳಿಯಿಂದ ಮನುಷ್ಯರು ಗುಂಪುಗುಂಪಾಗಿ ಇಲ್ಲಿಗೆ ಬರುವ ಮೊದಲೇ ಅವರ ಊರಿನ ಮಣ್ಣು ಇಲ್ಲಿಗೆ ಬಂದಿತ್ತು.

ಈ ಏರ್ಪಾಡಿಗೆ ಇನ್ನೊಂದು ಮುಖವೂ ಇತ್ತು. ಅನ್ನ ಕೊಡುವ ಕೈಯೂ ಸಭೆಯ ಶಿಸ್ತು ನಡೆಸುವ ಕೈಯೂ ಒಂದೇ ಆದಾಗ ಭಕ್ತಿಯೂ ಭಯವೂ ಬೆರೆತುಹೋಗುತ್ತವೆ. ಸಭೆಯಿಂದ ಹೊರಬಿದ್ದವನಿಗೆ ಕೆಲಸ ಉಳಿದೀತೆ ಎಂಬ ಚಿಂತೆ ಸಹಜ. ಅನ್ನಕ್ಕಾಗಿ ಕ್ರೈಸ್ತರಾದರೆಂಬ ಕುಹಕವನ್ನೂ ಆ ಜನ ಕೇಳಬೇಕಾಯಿತು. ದೊರೆಗಳಂತೆ ಬಂಗಲೆಯಲ್ಲಿ ವಾಸಿಸುವ ಮಿಶನರಿಗೂ ಹೆಂಚಿನ ಗೂಡಿನ ಮುಂದೆ ಬೇಯುವ ಸಭಿಕನಿಗೂ ಇದ್ದ ದೂರ ಅನ್ಯೋನ್ಯತೆಯ ಬೋಧೆಗೆ ಒಪ್ಪುವಂತಹುದಲ್ಲ. ಕೊರಿಂಥದಲ್ಲಿಯೂ ಹೀಗೆಯೇ ಆಗಿತ್ತು. ಕರ್ತನ ಭೋಜನಕ್ಕೆ ಕೂಡಿದಾಗ ಉಳ್ಳವರು ಮೊದಲೇ ಉಂಡು ಇಲ್ಲದವರು ಹಸಿದಿರುವುದನ್ನು ಕೇಳಿ ಪೌಲನು ಅದೇ ಪತ್ರದಲ್ಲಿ ಗದರಿಸಿದ್ದಾನೆ. ಅನ್ಯೋನ್ಯತೆಯ ಪತ್ರವೆಂದರೆ ಅನ್ಯೋನ್ಯತೆ ಕೆಟ್ಟ ಸಭೆಗೆ ಬರೆದ ಪತ್ರವೇ.

ಕರ್ತನ ಭೋಜನದ ಮೇಜು ನಮ್ಮ ನಾಡಿನಲ್ಲಿ ಇನ್ನೂ ಕಠಿಣವಾದ ಪರೀಕ್ಷೆ. ಒಂದೇ ರೊಟ್ಟಿಯನ್ನು ಮುರಿದು, ಒಂದೇ ಪಾತ್ರೆಯಿಂದ ಕುಡಿಯಬೇಕು. ಹಿಂದಿನ ದಿನದವರೆಗೆ ಒಬ್ಬರ ನೆರಳನ್ನು ಇನ್ನೊಬ್ಬರು ತಾಕದವರು ಅಲ್ಲಿ ಕೂಡಬೇಕು. 1853ರ ವೇಳೆಗೆ ಕೊಡಗಿಗೆ ಹೋದ ಮೋಗ್ಲಿಂಗ್ ಅಲ್ಲಿ ಮೊದಲು ಆಲ್ಮಂಡ ಸೋಮಯ್ಯ ಎಂಬ ಕೊಡವರಿಗೆ ದೀಕ್ಷಾಸ್ನಾನ ಕೊಟ್ಟರು. ಮುಂದೆ ಜೀತದಲ್ಲಿದ್ದ ಹೊಲೆಯ ಕುಟುಂಬಗಳು ಸಭೆಗೆ ಬಂದಾಗ ಅವರಿಗಾಗಿ ಆನಂದಪುರವೆಂಬ ಊರೇ ಹುಟ್ಟಿತು. ಸಾರಸ್ವತ, ಕೊಡವ, ಬಿಲ್ಲವ, ಹೊಲೆಯ ಎಂಬ ಹೆಸರುಗಳೆಲ್ಲ ಒಂದು ಸಭೆಯ ಪುಸ್ತಕದಲ್ಲಿ ಕೂಡಿದುದು ಆ ಕಾಲದಲ್ಲಿ ಸಣ್ಣ ಮಾತಲ್ಲ. ಸಂಬಂಧ ಬೆಳೆಸುವಾಗ ಹಳೆಯ ಹೆಸರುಗಳು ತಲೆಯೆತ್ತುವುದು ನಿಂತಿತೆಂದು ಹೇಳಿದರೆ ಅದು ಸುಳ್ಳಾದೀತು. ಮೇಜು ಅವರನ್ನು ಪೂರ್ತಿ ಬದಲಾಯಿಸಲಿಲ್ಲ. ಬದಲಾಗಬೇಕೆಂಬುದನ್ನು ಪ್ರತಿ ಸಲವೂ ನೆನಪಿಸುತ್ತಿತ್ತು.

ಹಾಡಿನಲ್ಲಿ ಈ ಬೆರಕೆ ಹೆಚ್ಚು ಸುಲಭವಾಗಿ ಆಯಿತು. ಜರ್ಮನ್ ರಾಗಗಳಿಗೆ ಕನ್ನಡದ ಮಾತು ಹೊಂದಿಸಿದ ಗೀತೆಗಳು ಸಭೆಗಳಲ್ಲಿ ಬಳಕೆಗೆ ಬಂದವು. ಫರ್ಡಿನಂಡ್ ಕಿಟ್ಟೆಲ್ ಬೇರೆ ದಾರಿ ಹಿಡಿದರು. 1853ರಲ್ಲಿ ಬಂದ ಅವರು 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ್ದೇ ಛಂದಸ್ಸಿನಲ್ಲಿ ಹಾಡಬಹುದೆಂದು ತೋರಿಸಿದರು. ಸುಮಾರು 70,000 ಶಬ್ದಗಳ ನಿಘಂಟು 1894ರಲ್ಲಿ ಹೊರಬಂದಾಗ ಅವರಿಗೆ ಅರವತ್ತು ದಾಟಿತ್ತು. ಒಂದು ಜನರ ಒಂದೊಂದು ಶಬ್ದವನ್ನೂ ಕೇಳಿ, ತೂಗಿ, ಬರೆದಿಡುವ ದೀರ್ಘಸಹನೆಯನ್ನೂ ನಾವು ನಂಬಿಗಸ್ತಿಕೆ ಎಂದೇ ಕರೆಯಬಹುದು.

ನಿಜವಾದ ಪರೀಕ್ಷೆ ಬಂದದ್ದು 1914ರಲ್ಲಿ. ಮೊದಲನೆಯ ಮಹಾಯುದ್ಧ ಆರಂಭವಾದೊಡನೆ ಜರ್ಮನ್ ಪ್ರಜೆಗಳಾದ ಮಿಶನರಿಗಳು ಶತ್ರುದೇಶದವರೆನಿಸಿದರು. ಅನೇಕರು ಅಹಮದ್‌ನಗರದ ಶಿಬಿರದಲ್ಲಿ ಸೆರೆಯಾಗಿ, ಬಳಿಕ ಸ್ವದೇಶಕ್ಕೆ ಕಳುಹಿಸಲ್ಪಟ್ಟರು. ಕಾರ್ಖಾನೆಗಳು ಸರಕಾರದ ಹತೋಟಿಗೆ ಹೋಗಿ, ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಎಂಬತ್ತು ವರ್ಷಗಳಿಂದ ಬೋಧನೆ, ಶಾಲೆ, ಸಂಬಳ ಎಲ್ಲಕ್ಕೂ ಆಧಾರವಾಗಿದ್ದ ಕಂಬ ಕೆಲವೇ ತಿಂಗಳುಗಳಲ್ಲಿ ಕಳಚಿತು. ಅನ್ನಕ್ಕಾಗಿ ಕಟ್ಟಿದ ಸಭೆಯಾಗಿದ್ದರೆ ಅದು ಆಗಲೇ ಚದರಬೇಕಿತ್ತು.

ಚದರಲಿಲ್ಲ. ಮಂಗಳೂರು, ಉಡುಪಿ, ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಕನ್ನಡಿಗ ಸಭಾಪಾಲಕರೂ ಉಪದೇಶಿಗಳೂ ಹಿರಿಯರೂ ಭಾರ ಹೊತ್ತರು. ಇತರ ಮಿಶನ್‌ಗಳ ನೆರವು ಅಲ್ಲಲ್ಲಿ ದೊರೆಯಿತು. ದಿನದಿನದ ಸಭೆ ನಡೆದದ್ದು ಊರಿನವರ ಕಾಣಿಕೆಯಿಂದ, ಊರಿನವರ ಕೈಯಿಂದ. ಬಾಸೆಲ್ಲಿನವರು ಮರಳಿ ಬಂದಾಗ ಯುದ್ಧ ಮುಗಿದು ಹಲವು ವರ್ಷಗಳಾಗಿದ್ದವು. ಅವರು ಕಂಡದ್ದು ಮೊದಲಿನ ಮಕ್ಕಳನ್ನಲ್ಲ, ಮನೆ ನಡೆಸಲು ಕಲಿತ ಪ್ರೌಢರನ್ನು. ಕರೆತಂದವರು ಹೋದರು, ಕರೆದವನು ಹೋಗಲಿಲ್ಲ ಎಂಬುದು ಆ ಸಭೆಗಳು ತಮ್ಮ ಅನುಭವಕ್ಕೆ ಕೊಟ್ಟುಕೊಂಡ ಅರ್ಥ. ವಿಶ್ವಾಸಿಗಳಲ್ಲದ ಓದುಗರು ಅದನ್ನು ಬೇರೆ ಹೆಸರಿನಿಂದ ಕರೆದಾರು. ಚರಿತ್ರೆ ಹೇಳಬಲ್ಲದ್ದು ಇಷ್ಟು: ಊರುಗೋಲು ಜಾರಿದ ಮೇಲೆಯೂ ಅವರು ನಿಂತಿದ್ದರು.

ಆ ಪ್ರೌಢತೆಯ ಒಳ್ಳೆಯ ಫಲ ರೆವರೆಂಡ್ ಉತ್ತಂಗಿ ಚೆನ್ನಪ್ಪನವರು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ 1881ರಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಓದಿ, ಬಾಸೆಲ್ ಮಿಶನ್ ಸಭೆಗಳ ಪಾಲಕರಾಗಿ ಬಾಳಿದವರು. ಊರೂರು ಸುತ್ತಿ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ‘ಅನುಭವ ಮಂಟಪದ ಐತಿಹಾಸಿಕತೆ’ಯನ್ನು ಬರೆದರು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ‘ತಿರುಳ್ಗನ್ನಡದ ತಿರುಕ’ ಎಂದು ತಮ್ಮನ್ನು ಕರೆದುಕೊಂಡ ಈ ಪಾದ್ರಿಯವರು ಶರಣರ ಅನುಭಾವಗೋಷ್ಠಿಯನ್ನು ಅಷ್ಟು ಪ್ರೀತಿಯಿಂದ ಸಮರ್ಥಿಸಿದ್ದು ಕಾಕತಾಳೀಯವಲ್ಲವೆಂದು ನಮ್ಮ ಭಾವನೆ. ತಮ್ಮ ಮನೆಯ ಅನ್ಯೋನ್ಯತೆಯನ್ನು ಆಳವಾಗಿ ಬಲ್ಲವರಿಗೆ ನೆರೆಮನೆಯ ಅನ್ಯೋನ್ಯತೆ ಗುರುತಿಗೆ ಸಿಗುತ್ತದೆ. ಗಡಿನಾಡಿನ ಮಂಜೇಶ್ವರದಿಂದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ದಲ್ಲಿ ಹಾಡಿದಾಗ ಆ ಬಾಗಿಲು ಇನ್ನೊಂದು ಕಡೆಯಿಂದಲೂ ತೆರೆಯಿತು.

ಈಗ ನಮ್ಮ ಮಹಾಪೆಯ ಮಾತು. ಪಾರಸಿಕ ಗುಡ್ಡದ ತಪ್ಪಲಿನ ಈ ಕೈಗಾರಿಕಾ ಪ್ರದೇಶಕ್ಕೂ, ಡೊಂಬಿವಲಿ, ಕಲ್ಯಾಣ, ಠಾಣೆಗಳಿಗೂ ಕನ್ನಡಿಗರು ಬಂದದ್ದು ದುಡಿಮೆಗಾಗಿ. ಕರಾವಳಿಯವರು, ಧಾರವಾಡ, ಬೆಳಗಾವಿ, ಬಿಜಾಪುರ, ಕಲಬುರ್ಗಿಯ ಕಡೆಯವರು, ಎಲ್ಲರೂ ಇದ್ದಾರೆ. ಅವರಲ್ಲಿ ಕ್ರೈಸ್ತರೂ ಇದ್ದಾರೆ. ಪಾಳಿಯ ಕೆಲಸ, ಲೋಕಲ್ ರೈಲು, ಬಾಡಿಗೆ ಮನೆಗಳ ನಡುವೆ ಕನ್ನಡದಲ್ಲಿ ಆರಾಧನೆ ದೊರೆಯುವುದು ಸುಲಭವಲ್ಲ. ಇಂಗ್ಲಿಷ್ ಇಲ್ಲವೆ ಮರಾಠಿ ಆರಾಧನೆಯಲ್ಲಿ ಕುಳಿತು, ಮನೆಗೆ ಬಂದು ಕನ್ನಡದಲ್ಲಿ ಪ್ರಾರ್ಥಿಸುವ ಹಿರಿಯರ ಪಾಡನ್ನು ನಾವು ಸುಲಭವಾಗಿ ಅರ್ಥಮಾಡಿಕೊಳ್ಳಬಲ್ಲೆವು. ಕಚೇರಿಯಲ್ಲಿ ಒಂದು ನುಡಿ, ಮಾರುಕಟ್ಟೆಯಲ್ಲಿ ಇನ್ನೊಂದು ನುಡಿ ಆಡಿ ದಣಿದ ನಮ್ಮೆಲ್ಲರ ಪಾಡೂ ಅದೇ. ಮಕ್ಕಳ ಕಾಲಕ್ಕೆ ಆ ಕನ್ನಡ ಪ್ರಾರ್ಥನೆ ಉಳಿದೀತೆ ಎಂಬುದು ಅವರೊಬ್ಬರ ಪ್ರಶ್ನೆಯಲ್ಲ.

ಆದುದರಿಂದ ನಮ್ಮ ಬಳಗದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲೋ ನೆರೆಯ ಕ್ರೈಸ್ತ ಬಂಧುಗಳ ಮನೆಯಲ್ಲೋ ಬಾಸೆಲ್ ಮಿಶನ್ ಮುದ್ರಣಾಲಯದ ಹಳೆಯ ಗೀತಪುಸ್ತಕ, ಕನ್ನಡ ಬೈಬಲ್, ಅಜ್ಜಿ ಕೈಯಾರೆ ಬರೆದುಕೊಂಡ ಹಾಡಿನ ವಹಿಗಳಿದ್ದರೆ ರದ್ದಿಗೆ ಹಾಕಗೊಡಬೇಡಿ. ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನಲ್ಲಿ ಹಳೆಯ ದಾಖಲೆಗಳ ಸಂಗ್ರಹವಿದೆ. ಸ್ವಿಟ್ಸರ್ಲೆಂಡಿನ ಬಾಸೆಲ್ಲಿನಲ್ಲಿಯೂ ಇದೆ. ಆದರೆ ಮುಂಬಯಿಗೆ ಬಂದ ಕುಟುಂಬಗಳ ಪೆಟ್ಟಿಗೆಯಲ್ಲಿ ಉಳಿದಿರುವುದು ಅಲ್ಲಿ ಇರಲಾರದು. ಪುಸ್ತಕದ ಒಳಹಾಳೆಯಲ್ಲಿ ಮಕ್ಕಳ ಹುಟ್ಟು, ದೀಕ್ಷಾಸ್ನಾನ, ಮದುವೆ, ಮರಣಗಳನ್ನು ಬರೆದಿಡುವ ಪದ್ಧತಿಯುಳ್ಳ ಮನೆಗಳಿವೆ. ಅಂತಹ ಒಂದು ಹಾಳೆಯನ್ನು ಓದಿಸಿ ಕೇಳಿ, ಹೆಸರಿನ ಹಿಂದಿನ ಕಥೆಯನ್ನು ಬರೆದುಕೊಳ್ಳಿ. ಕೇಳುವವರು ಯಾವ ಧರ್ಮದವರಾದರೂ ಸರಿ. ಹಾಗೆ ಕೇಳಿ, ಕೂಡಿಸಿ, ಕಾಪಾಡಿದ ಉತ್ತಂಗಿಯವರ ಮಾದರಿ ನಮ್ಮ ಮುಂದಿದೆ.